ತಳ್ಳುಗಾಡಿಯ ಮೇಲಿನ ಮ್ಯೂಸಿಯಂ: ಧಾರಾವಿ ಮುಂದಿಟ್ಟ ಪ್ರಶ್ನೆ

ಮುಂಬಯಿ: ಮಾಟುಂಗ, ಮಾಹಿಮ್, ಸಯನ್ ಪರಿಸರದ ಕನ್ನಡಿಗರಿಗೆ ಧಾರಾವಿ ನೆರೆಮನೆಯಿದ್ದಂತೆ. ಮೈಸೂರು ಅಸೋಸಿಯೇಶನ್, ಕರ್ನಾಟಕ ಸಂಘಗಳ ಕಾರ್ಯಕ್ರಮಕ್ಕೆ ಬರುವವರಲ್ಲಿ ಅನೇಕರು ಅದರ ಅಂಚಿನಲ್ಲೇ ಹಾದು ಬರುತ್ತಾರೆ. ಆದರೆ ಒಳಗಿನ ಗಲ್ಲಿಗಳಲ್ಲಿ ಏನು ತಯಾರಾಗುತ್ತದೆ ಎಂದು ನೋಡಿದವರು ಕಡಿಮೆ.

ಅದನ್ನು ತೋರಿಸುವ ಎರಡು ಪ್ರಯತ್ನಗಳು ಹಿಂದಿನ ದಶಕದಲ್ಲಿ ನಡೆದಿದ್ದವು. 2015ರಲ್ಲಿ 'ಸ್ನೇಹಾ' ಸಂಸ್ಥೆ ನಡೆಸಿದ ಧಾರಾವಿ ಬಿನಾಲೆಗಾಗಿ ಕಲಾವಿದರೂ ನಿವಾಸಿಗಳೂ ಒಟ್ಟಾಗಿ ಕಲಾಕೃತಿಗಳನ್ನು ರಚಿಸಿದರು. ಕೌಟುಂಬಿಕ ಹಿಂಸೆ ಎಲ್ಲೆಲ್ಲಿ ನಡೆಯುತ್ತದೆ ಎಂಬುದನ್ನು ಸ್ಥಳೀಯ ಮಹಿಳೆಯರು ಬಟ್ಟೆಯ ಮೇಲೆ ನಕಾಶೆಯಾಗಿ ಹೊಲಿದರು. 2016ರಲ್ಲಿ ಅಮಾಂಡಾ ಪಿನಾತಿಹ್ ಮತ್ತು ಜಾರ್ಜ್ ಮಾನ್ಯೆಸ್ ರೂಬಿಯೊ 'ಡಿಸೈನ್ ಮ್ಯೂಸಿಯಂ ಧಾರಾವಿ' ಆರಂಭಿಸಿದರು. ಅದಕ್ಕೆ ಕಟ್ಟಡವೇ ಇರಲಿಲ್ಲ. ತಳ್ಳುಗಾಡಿಯ ಮೇಲೆ ಮಡಕೆ, ಚಹಾ ಕಪ್ಪಿನಂಥ ನಿತ್ಯಬಳಕೆಯ ವಸ್ತುಗಳನ್ನಿಟ್ಟು ಗಲ್ಲಿಯಿಂದ ಗಲ್ಲಿಗೆ ಒಯ್ಯಲಾಯಿತು. ತಯಾರಿಸಿದವರೇ ಪ್ರೇಕ್ಷಕರೂ ಆದರು.

ಬಡತನವನ್ನು ಪ್ರದರ್ಶನಕ್ಕಿಡುವುದು ಸರಿಯೇ ಎಂಬ ಆಕ್ಷೇಪ ಸಹಜ. ಆದರೆ ಇಲ್ಲಿ ಪ್ರದರ್ಶನಕ್ಕಿದ್ದದ್ದು ಬಡತನವಲ್ಲ, ಕೈಕಸುಬು. ಈ ವ್ಯತ್ಯಾಸ ಇಂದು ಹೆಚ್ಚು ಮಹತ್ವದ್ದಾಗಿದೆ.

2022ರ ನವೆಂಬರಿನಲ್ಲಿ ಧಾರಾವಿ ಪುನರಭಿವೃದ್ಧಿಯ ಟೆಂಡರು 5,069 ಕೋಟಿ ರೂಪಾಯಿಯ ಬಿಡ್ಡಿನೊಂದಿಗೆ ಅದಾನಿ ಸಮೂಹದ ಪಾಲಾಯಿತು. ಯೋಜನಾ ಕಂಪೆನಿಯಲ್ಲಿ ಸಮೂಹಕ್ಕೆ ಶೇ. 80, ಮಹಾರಾಷ್ಟ್ರ ಸರಕಾರಕ್ಕೆ ಶೇ. 20 ಪಾಲು. 2000ದ ಜನವರಿ 1ಕ್ಕೆ ಮೊದಲೇ ನೆಲಮಹಡಿಯಲ್ಲಿ ನೆಲೆಸಿದ ಅರ್ಹರಿಗೆ ಧಾರಾವಿಯಲ್ಲೇ 350 ಚದರ ಅಡಿಯ ಉಚಿತ ಮನೆಯ ಭರವಸೆಯಿದೆ. ಅನಂತರ ಬಂದವರಿಗೂ ಮೇಲಿನ ಮಾಳಿಗೆಯವರಿಗೂ ಧಾರಾವಿಯ ಹೊರಗೆ ಮನೆ ಎಂಬುದು ಯೋಜನೆ.

ಗಾಳಿ ಬೆಳಕಿನ ಮನೆ, ಸ್ವಂತ ಶೌಚಾಲಯ ಯಾರಿಗೆ ಬೇಡ? ಕುಂಬಾರವಾಡದ ಆವಿಗೆಗಳ ಹೊಗೆಯನ್ನು ಅಲ್ಲಿನ ಮಕ್ಕಳೇ ಉಸಿರಾಡಬೇಕಾಗಿದೆ. ಆದುದರಿಂದ ಪುನರಭಿವೃದ್ಧಿಯೇ ಬೇಡವೆನ್ನುವುದು ಹೊರಗಿನವರಿಗೆ ಸುಲಭದ ಮಾತು. ಆದರೆ ಅಲ್ಲಿ ಮನೆ ಮತ್ತು ಕಾರ್ಖಾನೆ ಬೇರೆ ಬೇರೆಯಲ್ಲ. ಕೆಳಗೆ ಯಂತ್ರ, ಮೇಲೆ ಕಾರ್ಮಿಕನ ವಾಸ, ಎದುರಿನ ಗಲ್ಲಿಯಲ್ಲಿ ಕಚ್ಚಾ ಮಾಲು. ಮಾಳಿಗೆಯ ಕಾರ್ಮಿಕ ದೂರ ಹೋದರೆ ಕೆಳಗಿನ ಯಂತ್ರ ನಡೆಸುವವರು ಯಾರು? ಮಡಕೆ ಒಣಗಿಸುವ ಅಂಗಳ ಎಷ್ಟನೇ ಮಹಡಿಯಲ್ಲಿ ಸಿಗುತ್ತದೆ? ಸಮೀಕ್ಷೆಯ ಎಣಿಕೆ ದಿನಾಂಕ ಮತ್ತು ಮಹಡಿಯದ್ದು. ತಳ್ಳುಗಾಡಿಯ ಮ್ಯೂಸಿಯಂ ಎಣಿಸಿದ್ದು ಕೆಲಸವನ್ನು.

ಆ ಮ್ಯೂಸಿಯಂಗೂ ಮಿತಿಯಿತ್ತು. ತಾತ್ಕಾಲಿಕವಾಗಿ ಬಂದದ್ದು ಹೊರಟುಹೋಯಿತು. ಪ್ರದರ್ಶನ ಯಾರಿಗೂ ಜಾಗದ ಹಕ್ಕು ಕೊಡಲಾರದು. ಆದರೆ ಯಾವ ಗಲ್ಲಿಯಲ್ಲಿ ಯಾವ ಕಸುಬು ಇದೆಯೆಂಬ ದಾಖಲೆಯಿದ್ದರೆ, ನಾಳೆ ಅದಕ್ಕೆ ಜಾಗ ಕೇಳಲು ಒಂದು ಆಧಾರವಾದರೂ ಇರುತ್ತದೆ.

ಈ ಮಾತು ಕನ್ನಡಿಗರ ಸಂಘ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಹೊಟೇಲು ಕಾರ್ಮಿಕರು ಹಗಲು ದುಡಿದು ಓದಿದ ರಾತ್ರಿ ಶಾಲೆಗಳ ಹಾಜರಿ ಪುಸ್ತಕ, ಹಳೆಯ ಯಕ್ಷಗಾನದ ಕರಪತ್ರ, ಸಂಘದ ಮೊದಲ ರಶೀದಿ ಪುಸ್ತಕಗಳು ಹಿರಿಯರ ಕಪಾಟಿನಲ್ಲಿವೆ. ನಗರದ ಹಳೆಯ ಕಟ್ಟಡಗಳು ಒಂದೊಂದಾಗಿ ಪುನರಭಿವೃದ್ಧಿಗೆ ಹೋಗುತ್ತಿರುವಾಗ ಆ ಕಪಾಟುಗಳೂ ಖಾಲಿಯಾಗುತ್ತವೆ. ಅವನ್ನು ಒಟ್ಟುಗೂಡಿಸಿ ಒಂದು ಸಂಘದಿಂದ ಇನ್ನೊಂದಕ್ಕೆ ಸಾಗಿಸಿ ತೋರಿಸಲು ಸ್ವಂತ ಕಟ್ಟಡವೇ ಬೇಕೆಂದಿಲ್ಲ. ಧಾರಾವಿಗೆ ಸಾಕಾದದ್ದು ಒಂದು ತಳ್ಳುಗಾಡಿ.