ರೂಮು ಸಿಕ್ಕಿತು, ಬಾಯಿ ಹೋಯಿತು

ಗಂಗಾವತಿಯಲ್ಲಿ ನಾವು ನಾಲ್ಕು ಜನ ಒಂದು ರಾತ್ರಿ ಕಳೆದ ರೂಮಿನ ಬಗ್ಗೆ ಬರೀತಾ ಇದ್ದೇವೆ. ರೂಮು ಹೊಲಸಾಗಿತ್ತು ಅನ್ನೋದು ದೊಡ್ಡ ಸುದ್ದಿಯಲ್ಲ. ಹಾಸ್ಟೆಲ್ಲಿನಲ್ಲಿ ಬೆಳೆದವರಿಗೆ ತಗಣಿ, ಸೋರುವ ಮಾಡು, ಚಿಲಕವಿಲ್ಲದ ಬಾಗಿಲು ಹೊಸದೇನು? ಆದರೆ ಹಾಸ್ಟೆಲ್ಲಿನಲ್ಲಿ ಅನ್ನದಾಗ ಹುಳ ಬಂದರೆ ತಟ್ಟೆ ಹಿಡಕೊಂಡು ರಸ್ತೆಗೆ ಬರೋ ನಾವು, ಕೈಯಾರೆ ರೊಕ್ಕ ಕೊಟ್ಟ ಆ ರೂಮಿನಲ್ಲಿ ಒಂದು ಮಾತೂ ಆಡಲಿಲ್ಲ. ಯಾಕೆ ಆಡಲಿಲ್ಲ ಅನ್ನೋದೇ ವಿಷಯ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಪರೀಕ್ಷೆ. ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಿಂದ ನಸುಕಿನ ಬಸ್ಸು ನಂಬಿ ಹೊರಟರೆ ಪರೀಕ್ಷೆ ತಪ್ಪಿದಂಗೇ. ಶನಿವಾರ ಸಂಜೆಯೇ ಬಂದಿಳಿದೆವು. ಶನಿವಾರ ಅಂದರೆ ಅಂಜನಾದ್ರಿ ಬೆಟ್ಟಕ್ಕೆ ಮಂದಿ. ಊರೊಳಗಿನ ಲಾಡ್ಜು ಯಾವುದನ್ನು ಕೇಳಿದರೂ ತುಂಬಿತ್ತು. ಕಡೆಗೆ ಆನೆಗೊಂದಿ ರಸ್ತೆ ಕಡೆ ಒಂದು ಮನೆ. ಗೋಡೆ ಮ್ಯಾಲೆ ‘ರೂಮು ಇವೆ, ಬೆಳಗಿನ ನಾಷ್ಟಾ ಸಹಿತ’ ಅಂತ ಬರೆದಿತ್ತು. ರಾತ್ರಿ ಹತ್ತಾಗಿತ್ತು. ಹೆಗಲಿಗೆ ಬ್ಯಾಗು, ಹೊಟ್ಟೆಯೊಳಗೆ ಮಂಡಾಳು.

ಯಜಮಾನರು ಮೊದಲು ಬಾಡಿಗೆ ಹೇಳಲಿಲ್ಲ. “ಎಲ್ಲಿಂದ ಬಂದೀರಿ ತಮ್ಮಾ?” ಅಂದರು. ಹೇಳಿದೆವು. “ಯಾರ ಪೈಕಿ ನೀವು?”

ಈ ಪ್ರಶ್ನೆ ನಮ್ಮ ಸೀಮೆಯಲ್ಲಿ ಬಾಯಾರಿಕೆ ಆದವನಿಗೆ ನೀರು ಬೇಕೇನು ಅಂತ ಕೇಳಿದಷ್ಟು ಸಲೀಸಾಗಿ ಬರ್ತದೆ. ಕೇಳುವವರ ಮುಖದಲ್ಲಿ ಸಿಟ್ಟೂ ಇರೋದಿಲ್ಲ. ನಮ್ಮಲ್ಲೊಬ್ಬ ನಕ್ಕೊಂತ “ನಿಮ್ಮ ಪೈಕೀನ ರೀ ಯಜಮಾನ್ರ” ಅಂದ. ಅವನ ಆಧಾರ ಕಾರ್ಡಿನಲ್ಲಿ ಅಡ್ಡಹೆಸರು ಊರಿನ ಹೆಸರು, ಯಾರಿಗೂ ಏನೂ ತಿಳಿಯೋದಿಲ್ಲ. ಉಳಿದವರ ಕಥೆ ಬೇರೆ. ಒಬ್ಬನ ಕಾರ್ಡಿನಲ್ಲಿ ‘ಮಾದರ’, ಇನ್ನೊಬ್ಬನದರಲ್ಲಿ ‘ಹರಿಜನ’. ಸಾಲಿಗೆ ಹೆಸರು ಹಚ್ಚಿದ ದಿನ ಮಾಸ್ತರರು ಅವನ ಮನೆತನದ ಹೆಸರು ಕೇಳದೆ ಬರಕೊಂಡದ್ದು, ಮಾರ್ಕ್ಸ್ ಕಾರ್ಡಿನಿಂದ ಆಧಾರ ಕಾರ್ಡಿನವರೆಗೂ ಹಿಂದೆ ಹಿಂದೆ ಬಂದಿದೆ. ಆ ಎರಡು ಕಾರ್ಡು ಕಿಸೆಯಿಂದ ಹೊರಗೆ ಬರಲೇ ಇಲ್ಲ. “ಒಬ್ಬರದು ಸಾಕು” ಅಂದರು ಯಜಮಾನರು. ನಮ್ಮ ಜೀವ ತಂಪಾಯಿತು. 1200 ರೂಪಾಯಿ ಎಣಿಸಿಕೊಟ್ಟೆವು.

ರೂಮಿನಲ್ಲಿ ಬಲ್ಬು ಹತ್ತಲಿಲ್ಲ. ಮೊಬೈಲ್ ಬೆಳಕಿನಲ್ಲಿ ನೋಡಿದರೆ ಎರಡು ಮಂಚ, ಹಸಿ ಹಿಡಿದ ಗಾದಿ, ಯಾರೋ ಉಂಡು ಬಿಟ್ಟುಹೋದ ಎಲೆ. ನಲ್ಲಿ ತಿರುವಿದರೆ ಸುಂಯ್ ಅಂತ ಗಾಳಿ. ಕಾಲು ತೊಳೆಯೋಕೂ ನೀರಿಲ್ಲ. ಚಾದರದ ವಾಸನೆಗೆ ಹೆದರಿ ಟವೆಲ್ ಹಾಸಿಕೊಂಡು ನೆಲದ ಮ್ಯಾಲೆ ಮಲಗಿದೆವು. ಇಲಿಗಳು ರಾತ್ರಿಯೆಲ್ಲಾ ಜಾತ್ರೆ ನಡೆಸಿದವು. ಬೆಳಿಗ್ಗೆ ‘ನಾಷ್ಟಾ ಸಹಿತ’ ಅಂದದ್ದು ನಾಲ್ಕು ಜನಕ್ಕೆ ಎರಡು ತಟ್ಟೆ ತಣ್ಣನೆ ಸುಸಲ. ಮಿರ್ಚಿ ಇಲ್ಲದ ಸುಸಲ! ಕೊಪ್ಪಳ ಸೀಮೆಯವರಿಗೆ ಇದಕ್ಕಿಂತ ಅವಮಾನ ಬೇಕೆ?

ನಗಬೇಡಿರಿ. ಕೆಳಗಿಳಿದು “ರೀ, ನೀರಿಲ್ಲ, ಲೈಟಿಲ್ಲ, ಅರ್ಧ ರೊಕ್ಕ ವಾಪಸ್ ಕೊಡ್ರಿ” ಅನ್ನೋಕೆ ಎಷ್ಟು ಹೊತ್ತು ಬೇಕಿತ್ತು? ರಾತ್ರಿ ಇಬ್ಬರು ಎದ್ದೂ ಇದ್ದರು. ಮೆಟ್ಟಿಲವರೆಗೆ ಹೋಗಿ ತಿರುಗಿ ಬಂದರು. ಜಗಳ ಆದರೆ ಅವರು ಹೆಸರು ಕೇಳ್ತಾರೆ, ಎಲ್ಲರ ಕಾರ್ಡು ಕೇಳ್ತಾರೆ. ಹೇಳಿದ ಸುಳ್ಳು ಬಯಲಾದರೆ ನಾಲ್ಕು ಹುಡುಗರು ನಡುರಾತ್ರಿ ರಸ್ತೆಯಲ್ಲಿ. ಹಾಸ್ಟೆಲ್ಲಿನಲ್ಲಿ ಜಾತಿ ಸರ್ಟಿಫಿಕೇಟು ಕೊಟ್ಟೇ ಸೀಟು ತಗೊಂಡಿರ್ತೀವಿ, ಅಲ್ಲಿ ಮುಚ್ಚಿಡೋದು ಏನೂ ಇಲ್ಲ, ಹಾಗಾಗಿ ಬಾಯಿ ಇದೆ. ಇಲ್ಲಿ ಗಿರಾಕಿಯ ಬಾಯನ್ನೂ ಬಾಗಿಲಲ್ಲೇ ಒತ್ತೆ ಇಟ್ಟು ಒಳಗೆ ಹೋಗಿದ್ದೆವು.

1917ರಲ್ಲಿ ಬಾಬಾಸಾಹೇಬರಿಗೆ ಆದದ್ದೂ ಇದೇ ಅಲ್ಲವೆ? ನ್ಯೂಯಾರ್ಕಿನ ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿ ಬರೋಡಾ ಮಹಾರಾಜರ ನೌಕರಿಗೆ ಬಂದವರಿಗೆ ಆ ಊರಿನಲ್ಲಿ ಇಳಕೊಳ್ಳೋಕೆ ಜಾಗ ಇರಲಿಲ್ಲ. ಪಾರ್ಸಿಗಳ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರು ಬರೆಸಿ ಸೇರಿಕೊಂಡರು. ದಿನಕ್ಕೆ ಒಂದೂವರೆ ರೂಪಾಯಿ. ಮಹಡಿ ಮೇಲೆ ಒಂದು ಸಣ್ಣ ಕೋಣೆ, ಪಕ್ಕದ ದೊಡ್ಡ ಹಾಲಿನ ತುಂಬ ಹಲಗೆ, ಬೆಂಚು, ಮುರಿದ ಕುರ್ಚಿಯ ರಾಶಿ, ಹಾರಾಡುವ ಬಾವಲಿ. ವಿದ್ಯುತ್ ದೀಪವಿಲ್ಲ, ರಾತ್ರಿಗೆ ಒಂದು ಸಣ್ಣ ಹರಿಕೇನ್ ಲಾಟೀನು. ಇದನ್ನೆಲ್ಲ ಅವರೇ ‘ವೇಟಿಂಗ್ ಫಾರ್ ಎ ವೀಸಾ’ ಅನ್ನೋ ಬರಹದಲ್ಲಿ ಬರೆದಿದ್ದಾರೆ. ಹೆಸರು ಬಚ್ಚಿಟ್ಟು ಉಳಿದವರು ಕತ್ತಲೆ ಬಗ್ಗೆ ಯಾರ ಹತ್ತಿರ ಜಗಳ ತೆಗೀಬೇಕು? ಹನ್ನೊಂದನೇ ದಿನ ಬೆಳಿಗ್ಗೆ ಹತ್ತಾರು ಪಾರ್ಸಿಗಳು ಬಡಿಗೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ಅವರು ಊರು ಬಿಡಬೇಕಾಯಿತು. ರೈಲು ಬರುವ ತನಕ ಕುಳಿತದ್ದು ಕಾಮಾಠಿ ಬಾಗ್ ಎಂಬ ತೋಟದಲ್ಲಿ.

ಆದ್ದರಿಂದ “ನಿಮ್ಮ ಪೈಕೀನ” ಅಂದ ಗೆಳೆಯನನ್ನು ಹೇಡಿ ಅನ್ನೋಕೆ ನಮ್ಮಲ್ಲಿ ಯಾರಿಗೂ ಹಕ್ಕಿಲ್ಲ. ಬೆಳಗಾದರೆ ಪರೀಕ್ಷೆ, ಮನೆಯಲ್ಲಿ ಅವ್ವ ಕೂಲಿ ರೊಕ್ಕ ಕೂಡಿಸಿ ಫೀಜು ಕಟ್ಟಿದ್ದಳು. ಸಭೆಗಳಲ್ಲಿ ಮೈಕಿನ ಮುಂದೆ ನಿಂತು ಎದೆಯುಬ್ಬಿಸಿ ಜಾತಿ ಹೇಳೋದು ಸುಲಭ. ಅಲ್ಲಿ ಕುಳಿತವರೆಲ್ಲ ನಮ್ಮವರೇ.

ಹೆದರಿಕೆಯೂ ಸುಳ್ಳಲ್ಲ. ಇದೇ ಗಂಗಾವತಿಯಲ್ಲಿ 2014ರ ಆಗಸ್ಟಿನಲ್ಲಿ ಸಿನಿಮಾ ಟಾಕೀಜಿನ ಹತ್ತಿರ ಆದ ಒಂದು ಜಗಳ ಮರಕುಂಬಿಯವರೆಗೆ ಹೋಗಿ ದಲಿತರ ಗುಡಿಸಲು ಸುಟ್ಟಿತು. ಆ ಊರಿನಲ್ಲಿ ಹೋಟೆಲಿನ ಚಹಾ, ಕ್ಷೌರದಂಗಡಿಯ ಕುರ್ಚಿ ನಮ್ಮವರಿಗೆ ಇರಲಿಲ್ಲ. ಹತ್ತು ವರ್ಷ ಕೇಸು ನಡೆದು 2024ರ ಅಕ್ಟೋಬರ್ 24ರಂದು ಕೊಪ್ಪಳದ ಸೆಷನ್ಸ್ ಕೋರ್ಟು 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮರುತಿಂಗಳೇ ಹೈಕೋರ್ಟಿನ ಧಾರವಾಡ ಪೀಠದಿಂದ ಅವರಲ್ಲಿ ಬಹುತೇಕರಿಗೆ ಜಾಮೀನೂ ಸಿಕ್ಕಿತು. ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ 2021ರಲ್ಲಿ ಎರಡು ವರ್ಷದ ಕೂಸು ಗುಡಿಯೊಳಗೆ ಓಡಿಹೋದದ್ದಕ್ಕೆ ಶುದ್ಧಿ ಮಾಡಿಸಲು 25 ಸಾವಿರ ಕೊಡಿರಿ ಅಂದರು. ಇಂಥ ಸುದ್ದಿ ಕೇಳಿಕೊಂಡು ಬೆಳೆದ ಹುಡುಗ ರಾತ್ರಿ ಹತ್ತಕ್ಕೆ ಪರಊರಿನಲ್ಲಿ ಲೆಕ್ಕ ಹಾಕ್ತಾನೆ, ಹಾಕಲೇಬೇಕು.

ಕಾನೂನು ಇಲ್ಲವೇ ಅಂದರೆ ಇದೆ. ಸಂವಿಧಾನದ 15ನೇ ವಿಧಿಯಲ್ಲಿ ಅಂಗಡಿ, ಹೋಟೆಲುಗಳ ಹೆಸರೇ ಇದೆ. 1955ರ ಅಸ್ಪೃಶ್ಯತಾ ಕಾಯ್ದೆ, 1976ರಲ್ಲಿ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆ ಅಂತ ಹೆಸರು ಬದಲಾದದ್ದು, ಧರ್ಮಶಾಲೆ, ಮುಸಾಫಿರಖಾನೆಗಳನ್ನೂ ಬಿಟ್ಟಿಲ್ಲ. ನಿಜಾಮನ ಸೀಮೆಯ ನಮ್ಮ ಅಜ್ಜಂದಿರಿಗೆ ಗೊತ್ತಿದ್ದ ಮಾತು ಅದು, ಮುಸಾಫಿರಖಾನೆ. ಒಂದರಿಂದ ಆರು ತಿಂಗಳು ಜೈಲು, ನೂರರಿಂದ ಐನೂರು ರೂಪಾಯಿ ದಂಡ. (ಆ ಐನೂರು ರೂಪಾಯಿ ಇವತ್ತು ಆ ರೂಮಿನ ಅರ್ಧ ಬಾಡಿಗೆಯೂ ಅಲ್ಲ, ಇರಲಿ.) ಆದರೆ ಕಾಯ್ದೆ ಹಿಡಿಯೋದು ಹೊರಗೆ ದಬ್ಬಿದವನನ್ನ. ನಮ್ಮನ್ನ ಯಾರೂ ದಬ್ಬಲಿಲ್ಲ. ನಾವೇ ನಮ್ಮ ಹೆಸರುಗಳನ್ನ ಹೊರಗೆ ಬಿಟ್ಟು ಒಳಗೆ ಹೋದೆವು. ಇದಕ್ಕೆ ಯಾವ ಠಾಣೆಯಲ್ಲಿ ಕಂಪ್ಲೇಂಟು ಕೊಡೋದು?

ನಮ್ಮ ಅಭಿಪ್ರಾಯ ಇಷ್ಟು. ರಿಜಿಸ್ಟರಿನಲ್ಲಿ ಹೆಸರು, ಊರು, ಬಂದ ಕೆಲಸ ಬರೆಯೋಕೆ ಜಾಗ ಇರ್ತದೆ. ‘ಯಾರ ಪೈಕಿ’ ಅನ್ನೋ ಕಾಲಮ್ಮು ಇಲ್ಲ. ಕೇಳಿದರೆ “ಅದನ್ನ ಎಲ್ಲಿ ಬರೀಬೇಕ್ರಿ, ತೋರಸ್ರಿ” ಅಂತ ಸಮಾಧಾನವಾಗಿ ಕೇಳಬೇಕು. ನಾಲ್ಕೂ ಕಾರ್ಡು ಒಟ್ಟಿಗೆ ಇಡಬೇಕು. ರೂಮು ಇಲ್ಲ ಅಂದರೆ ಹೊತ್ತು, ಜಾಗ, ಆಡಿದ ಮಾತು ಅಲ್ಲೇ ಬರಕೊಂಡು ಠಾಣೆಗೆ ಹೋಗಬೇಕು. ರೂಮು ಕೊಟ್ಟರೆ ರಸೀದಿ ಕೇಳಿ ತಗೋಬೇಕು. ಆಮೇಲೆ ನಲ್ಲಿ ಬರಲಿಲ್ಲ ಅಂತ ನಡುರಾತ್ರಿ ಬಾಗಿಲು ಬಡಿಯಬಹುದು. ಎಲ್ಲರಿಗೂ ಎಲ್ಲ ಊರಲ್ಲೂ ಇದು ಸಾಧ್ಯ ಅಂತ ನಾವು ಹೇಳೋದಿಲ್ಲ. ಒಬ್ಬಂಟಿ ಹುಡುಗಿ ಪರೀಕ್ಷೆಗೆ ಬಂದಿದ್ದರೆ ಅವಳಿಗೆ ಈ ಬುದ್ಧಿವಾದ ಹೇಳೋ ಮೊದಲು ಆ ಊರಿನ ಹಾಸ್ಟೆಲ್ಲಿನವರು ಅವಳಿಗೊಂದು ಜಾಗ ನೋಡಬೇಕು. ಗಂಗಾವತಿ, ಕೊಪ್ಪಳದ ಹಾಸ್ಟೆಲ್ ಗೆಳೆಯರೆ, ಪರೀಕ್ಷೆಯ ಹಿಂದಿನ ರಾತ್ರಿ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರು ನಿಂತರೂ ಸಾಕು.

ಮುಂದಿನ ಪರೀಕ್ಷೆ ಕೊಪ್ಪಳದಲ್ಲಿ ಬಿದ್ದರೆ, ‘ಹರಿಜನ’ ಅಂತ ಬರೆದ ಕಾರ್ಡನ್ನೇ ಮೊದಲು ಮೇಜಿನ ಮ್ಯಾಲೆ ಇಡೋಣ ಅಂತ ಮೂರು ಜನ ಮಾತಾಡಿಕೊಂಡಿದ್ದೇವೆ. ಕಾರ್ಡಿನ ಒಡೆಯ ಇನ್ನೂ ಒಪ್ಪಿಲ್ಲ. “ನಿಮ್ಮ ಕಾರ್ಡು ಆಗಿದ್ದರೆ ಇಡ್ತಿದ್ದಿರೇನು?” ಅಂತ ಕೇಳ್ತಾನೆ.