ಮಗುಚಿ ಹಾಕಿದ ದೋಣಿ

ಗಂಗಾವತಿ ತಾಲ್ಲೂಕಿನ ಆನೆಗೊಂದಿಗೆ ಹೋದವರು ತುಂಗಭದ್ರೆಯ ಮೇಲೆ ಹರಗೋಲು ಗಿರ್ರನೆ ತಿರುಗುತ್ತ ಸಾಗುವುದನ್ನು ಕಂಡು ಹಿಗ್ಗುವುದುಂಟು. ಆದರೆ ಹರಗೋಲನ್ನು ಅರಿಯಬೇಕಾದವರು ಅದನ್ನು ನೀರಿನಲ್ಲಿ ನೋಡಿದರೆ ಸಾಲದು. ದಡದ ಬಂಡೆಯ ಮೇಲೆ ಬೋರಲು ಹಾಕಿದಾಗ ನೋಡಬೇಕು. ಅಂಬಿಗನು ಆಗ ಅದರ ಸುತ್ತ ಒಂದು ಪ್ರದಕ್ಷಿಣೆ ಬರುತ್ತಾನೆ. ಎಲ್ಲಿ ಬಿದಿರಿನ ದಬ್ಬೆ ಮುರಿದಿದೆ, ಎಲ್ಲಿ ಡಾಂಬರು ಬಿರಿದಿದೆ, ಯಾವ ಮಗ್ಗುಲು ಕಲ್ಲಿಗೆ ಉಜ್ಜಿ ಸವೆದಿದೆ ಎಂಬುದನ್ನು ಬೆರಳಿನಿಂದಲೇ ಓದುತ್ತಾನೆ. ಹುಟ್ಟಿನ ಕಡೆಗೆ ಅವನ ಗಮನ ಹೋಗುವುದು ಆಮೇಲೆ.

ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಈ ದೋಣಿಗಳನ್ನು ವರ್ಣಿಸಿದ್ದಾನೆ. ಬುಟ್ಟಿಯಂತೆ ದುಂಡಗಿನವು, ಒಳಗೆ ಹೆಣೆದವು, ಹೊರಗೆ ಚರ್ಮ ಹೊದಿಸಿದವು, ಹದಿನೈದಿಪ್ಪತ್ತು ಜನರನ್ನೂ ಅಗತ್ಯ ಬಿದ್ದರೆ ಕುದುರೆ ಎತ್ತುಗಳನ್ನೂ ದಾಟಿಸಬಲ್ಲವು, ನೇರವಾಗಿ ಹೋಗಲಾರದೆ ಸದಾ ಸುತ್ತುವಂಥವು ಎಂಬುದು ಅವನ ವರ್ಣನೆಯ ಸಾರ. ಐದು ಶತಮಾನ ಕಳೆದು ಚರ್ಮದ ಸ್ಥಾನಕ್ಕೆ ಪ್ಲಾಸ್ಟಿಕ್ ಹಾಳೆ ಬಂದಿದೆ. ಸುತ್ತುವುದು ಮಾತ್ರ ಹಾಗೆಯೇ ಉಳಿದಿದೆ. ಇಷ್ಟು ಕಾಲ ಈ ದೋಣಿ ಬಾಳಿದ್ದರ ಗುಟ್ಟು ಬಿದಿರಿನ ಗಟ್ಟಿತನದಲ್ಲಿಲ್ಲ. ಮೇಲಿಂದ ಮೇಲೆ ಮಗುಚಿ ನೋಡುವ ಅಭ್ಯಾಸದಲ್ಲಿದೆ.

ಎಂಜಿನು ಕೂಡಿಸಿದ ದೋಣಿಯನ್ನು ಹೀಗೆ ಬೋರಲು ಹಾಕಲು ಬರುವುದಿಲ್ಲ. ಹಾಗಾಗಿಯೇ ಅದರ ತಳ ಮರೆತುಹೋಗುತ್ತದೆ. ಹಳೆಯ ಮೋಟಾರು ದೋಣಿಯನ್ನು ಅಗ್ಗಕ್ಕೆ ಕೊಂಡು ಹೊಸದಾಗಿಸಲು ಹೊರಟವರಲ್ಲಿ ಬಹುಮಂದಿ ಮೊದಲ ದಿನವೇ ಎಂಜಿನಿನ ಹಿಡಿಕೆಗೆ ಕೈಹಾಕುತ್ತಾರೆ. ಅದು ಗುಡುಗುಡು ಎಂದು ಶಬ್ದ ಮಾಡಿತೆಂದರೆ ಅರ್ಧ ಕೆಲಸ ಮುಗಿಯಿತೆಂಬ ಭ್ರಮೆ! ನಿಜವಾಗಿ ಕೆಲಸವಿನ್ನೂ ಆರಂಭವೇ ಆಗಿರುವುದಿಲ್ಲ.

ಕರ್ನಾಟಕದಲ್ಲಿ ಈ ಪ್ರಶ್ನೆ ಕೇವಲ ಹವ್ಯಾಸಿಗಳದಲ್ಲ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಶರಾವತಿಯನ್ನು ತಡೆದು ನಿಲ್ಲಿಸಿದ ಮೇಲೆ ಹಿನ್ನೀರಿನ ಆಚೆಗೆ ಉಳಿದ ಊರುಗಳಿಗೆ ಲಾಂಚೇ ದಾರಿಯಾಯಿತು. ಸಿಗಂದೂರಿಗೆ ಹೋಗುವ ಭಕ್ತರು ವಾಹನಸಮೇತ ಲಾಂಚು ಏರಿ ನೀರು ದಾಟುತ್ತಿದ್ದರು. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಎರಡು ಕಿಲೋಮೀಟರಿಗೂ ಮೀರಿದ ಸೇತುವೆ ಉದ್ಘಾಟನೆಯಾಯಿತು. ಆ ದಾರಿಯ ಲಾಂಚುಗಳಿಗೆ ಹಳೆಯ ಕೆಲಸ ತಪ್ಪಿತು. ಜನರ ಕಷ್ಟ ಕಳೆಯಿತೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ನಿತ್ಯ ಓಡಾಡುವ ದೋಣಿಗಿಂತ ಕಟ್ಟಿಹಾಕಿದ ದೋಣಿ ಬೇಗ ಕೆಡುತ್ತದೆ. ಅಂಥ ದೋಣಿಗೆ ಮುಂದೆ ಬೇರೊಂದು ಕೆಲಸ ಕೊಡಬೇಕೆಂದು ಯಾರಿಗಾದರೂ ಅನಿಸುವ ಹೊತ್ತಿಗೆ ಅದರ ತಳ ಉಳಿದಿರಬೇಕಷ್ಟೆ.

ಕಬ್ಬಿಣದ ತಳವನ್ನು ದಡಕ್ಕೆಳೆದು, ಪಾಚಿ ಹೆರೆದು, ಸಣ್ಣ ಸುತ್ತಿಗೆಯಿಂದ ಅಂಗುಲ ಅಂಗುಲವಾಗಿ ತಟ್ಟಿ ನೋಡಬೇಕು. ಗಟ್ಟಿ ತಗಡು ಕಣಕಣ ಎನ್ನುತ್ತದೆ. ತುಕ್ಕು ತಿಂದದ್ದು ಮಂಕಾಗಿ ಮಾತನಾಡುತ್ತದೆ. ಮರದ ದೋಣಿಯಾದರೆ ದಬ್ಬಳದ ಮೊನೆಯೇ ಸಾಕ್ಷಿ. ಇಲ್ಲೊಂದು ವಿಚಿತ್ರವಿದೆ: ಮರವನ್ನು ಕೊಳೆಸುವುದು ಕೆಳಗಿನ ನದಿಯ ನೀರಿಗಿಂತ ಹೆಚ್ಚಾಗಿ ಮೇಲಿನಿಂದ ಸೋರಿ ಸಂದುಗಳಲ್ಲಿ ನಿಲ್ಲುವ ಮಳೆಯ ನೀರು. ಕಬ್ಬಿಣವನ್ನು ಕಾಯಲು ತಳಕ್ಕೆ ಬೇರೊಂದು ಲೋಹದ ತುಂಡನ್ನು ಬಿಗಿದಿರುತ್ತಾರೆ. ಅದು ತಾನು ಕರಗಿ ತಗಡನ್ನು ಉಳಿಸುತ್ತದೆ. ಸಮುದ್ರದಲ್ಲಿ ಸತು ಸಾಕು, ಸಿಹಿನೀರಿನಲ್ಲಿ ಮೆಗ್ನೀಸಿಯಮ್ ಬೇಕು. ಕರಾವಳಿಯಿಂದ ತಂದ ದೋಣಿಯನ್ನು ಜಲಾಶಯಕ್ಕೆ ಇಳಿಸುವವರು ಇದನ್ನು ಬದಲಿಸದಿದ್ದರೆ ಕಾವಲುಗಾರನನ್ನು ಇಟ್ಟೂ ಇಡದಂತೆ.

ಎಂಜಿನಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಭತ್ತದ ಸೀಮೆಯಾದ ಗಂಗಾವತಿಯ ಕಡೆ ಡೀಸೆಲ್ ಪಂಪನ್ನು ಬಿಚ್ಚಿ ಜೋಡಿಸಿದ ಕೈಗಳಿಗೆ ಅದು ಅಪರಿಚಿತವಲ್ಲ. ಕುಷ್ಟಗಿ, ಯಲಬುರ್ಗಿಗಳ ಬಾವಿಗಳ ಮೇಲೆ ಆಯಿಲ್ ಎಂಜಿನು ಕೂರಿಸಿದವರಿಗೂ ಅಲ್ಲ. ಕೊಪ್ಪಳದ ಹತ್ತಿರದ ಬೇವಿನಹಳ್ಳಿಯ ಕಾರ್ಖಾನೆಯಲ್ಲಂತೂ ಎಂಜಿನುಗಳ ಸಿಲಿಂಡರು ಬ್ಲಾಕುಗಳನ್ನೇ ಎರಕ ಹೊಯ್ಯುತ್ತಾರೆ. ದೋಣಿಯಲ್ಲಿ ಹೆಚ್ಚಿನದು ಎರಡು. ಮೊದಲನೆಯದು ಎಣ್ಣೆಯ ತೊಟ್ಟಿ: ವರ್ಷಗಟ್ಟಲೆ ನಿಂತ ಡೀಸೆಲ್ಲಿನ ಅಡಿಯಲ್ಲಿ ನೀರು ಸೇರಿ, ನೀರೂ ಎಣ್ಣೆಯೂ ಕೂಡುವಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ. ದೋಣಿ ಅಲೆಗೆ ಅಲುಗಿದಾಗ ಅದು ಮೇಲೆದ್ದು, ನಡುನೀರಿನಲ್ಲಿಯೇ ಫಿಲ್ಟರನ್ನು ಮುಚ್ಚಿಬಿಡುತ್ತದೆ. ಎರಡನೆಯದು ತಂಪುಗೊಳಿಸುವ ನೀರಿನ ಪಂಪು. ಅದರೊಳಗಿನ ರಬ್ಬರಿನ ಚಕ್ರ ನಿಂತಲ್ಲಿ ನಿಂತು ಸೆಟೆದಿರುತ್ತದೆ. ಹೊಸದನ್ನು ಹಾಕಿದರೆ ಸಾಲದು, ಹಳೆಯದರಿಂದ ಮುರಿದ ರೆಕ್ಕೆಯ ತುಂಡುಗಳು ಕೊಳವೆಯಲ್ಲಿ ಸಿಕ್ಕಿಕೊಂಡಿಲ್ಲವೆಂದು ಖಾತ್ರಿಪಡಿಸಿಕೊಳ್ಳಬೇಕು.

ಹೆಚ್ಚು ತಾಳ್ಮೆ ಬೇಡುವುದು ದೋಣಿಯೊಳಗಿನ ಜನರೇಟರು. ದೀಪ, ಪಂಖ, ಅಡುಗೆಮನೆಯ ಶೀತಕಪೆಟ್ಟಿಗೆ, ಎಲ್ಲವೂ ಅದನ್ನು ನಂಬಿರುತ್ತವೆ. ಆದರೂ ಅದಕ್ಕೆ ಸಿಕ್ಕುವುದು ದೋಣಿಯ ಅತ್ಯಂತ ಇಕ್ಕಟ್ಟಿನ, ಅತ್ಯಂತ ತೇವದ ಮೂಲೆ. ಹಲವು ಕಾಲ ನಿಂತ ಯಂತ್ರವನ್ನು ಕೂಡಲೇ ತಿರುಗಿಸಬಾರದು. ತಂತಿಯ ಸುರುಳಿಗಳಲ್ಲಿ ತೇವ ಕುಳಿತಿದ್ದರೆ ಮೊದಲ ನಿಮಿಷದಲ್ಲಿಯೇ ಸುಟ್ಟುಹೋದೀತು. ಮೆಗ್ಗರ್ ಎಂಬ ಉಪಕರಣದಿಂದ ಸುರುಳಿಗೂ ಮೈಗೂ ನಡುವಣ ತಡೆಯನ್ನು ಅಳೆಯಬೇಕು. ಒಂದು ಮೆಗಓಮಿಗೆ ಕಡಿಮೆ ಬಂದರೆ ಹತ್ತಿರದಲ್ಲಿ ವಿದ್ಯುದ್ದೀಪ ಉರಿಸಿ ಹದವಾದ ಕಾವಿನಿಂದ ದಿನಗಟ್ಟಲೆ ಒಣಗಿಸಿ ಮತ್ತೆ ಅಳೆಯಬೇಕು. ಅವಸರದವನಿಗೆ ಇದು ಹಿಡಿಸುವುದಿಲ್ಲ. ಹೊಸ ಸುರುಳಿ ಸುತ್ತಿಸುವ ಖರ್ಚನ್ನು ಕೇಳಿದ ಮೇಲೆ ಹಿಡಿಸುತ್ತದೆ.

ಎಂಜಿನು ಸರಿಯಾಗಿ ಓಡಿದರೂ ಕೆಲವು ಸಲ ವಿದ್ಯುತ್ತು ಬರುವುದಿಲ್ಲ. ಯಂತ್ರ ಸತ್ತಿತೆಂದು ಗುಜರಿಗೆ ಹಾಕಿದವರುಂಟು. ನಿಜಕ್ಕೂ ಅದು ತನ್ನ ಗುಣವನ್ನು ಮರೆತಿರುತ್ತದೆ, ಅಷ್ಟೆ. ತಾನೇ ವಿದ್ಯುತ್ತು ಹುಟ್ಟಿಸಲು ಆರಂಭಿಸಬೇಕಾದರೆ ಕಬ್ಬಿಣದಲ್ಲಿ ಹಿಂದಿನ ಅಯಸ್ಕಾಂತ ಶಕ್ತಿ ಚೂರಾದರೂ ಉಳಿದಿರಬೇಕು. ಬಹುಕಾಲ ನಿಂತಾಗ ಅದೂ ಕುಂದುತ್ತದೆ. ಹಳೆಯ ಮಾದರಿಗಳಲ್ಲಿ ಬ್ಯಾಟರಿಯಿಂದ ಕ್ಷಣಕಾಲ ವಿದ್ಯುತ್ತು ಹಾಯಿಸಿದರೆ ನೆನಪು ಮರಳುತ್ತದೆ. ಧನ ಋಣ ತುದಿಗಳು ಅದಲುಬದಲಾಗಬಾರದು; ವಿದ್ಯುತ್ತನ್ನು ಹತೋಟಿಯಲ್ಲಿಡುವ ರೆಗ್ಯುಲೇಟರನ್ನು ಮೊದಲು ಬಿಡಿಸಿರಬೇಕು. ಹೆಪ್ಪು ಆರದ ಹಾಲಿಗೆ ಹನಿ ಮಜ್ಜಿಗೆ ಬಿಟ್ಟಂತೆ ಈ ಉಪಾಯ.

ವೇಗವೂ ಗುರುತಿನಲ್ಲಿರಬೇಕು. ನಮ್ಮ ದೇಶದ 50 ಆವರ್ತನಕ್ಕೆ ನಾಲ್ಕು ಧ್ರುವಗಳ ಯಂತ್ರ ನಿಮಿಷಕ್ಕೆ 1500 ಸುತ್ತು, ಎರಡು ಧ್ರುವಗಳದು 3000 ಸುತ್ತು ತಿರುಗಬೇಕು. ಒಂದೇ ದೀಪ ಉರಿಸಲು ದೊಡ್ಡ ಡೀಸೆಲ್ ಜನರೇಟರನ್ನು ರಾತ್ರಿಯಿಡೀ ಓಡಿಸುವುದು ಉಳಿತಾಯವೂ ಅಲ್ಲ, ಯಂತ್ರಕ್ಕೆ ಉಪಚಾರವೂ ಅಲ್ಲ. ಸಾಕಷ್ಟು ಕಾಯದ ಎಂಜಿನಿನಲ್ಲಿ ಎಣ್ಣೆ ಪೂರ್ತಿ ಉರಿಯದೆ ಕರಿ ಕಟ್ಟುತ್ತದೆ. ದಡದ ವಿದ್ಯುತ್ತು ಮತ್ತು ಜನರೇಟರಿನ ವಿದ್ಯುತ್ತು ಎಂದೂ ಕೂಡದಂತೆ ಬದಲಿ ಸ್ವಿಚ್ಚು ಹಾಕಬೇಕೆಂಬುದನ್ನು ಅಕ್ಕಿಯ ಗಿರಣಿಯವರಿಗೆ ಹೇಳಿಕೊಡಬೇಕಾದದ್ದಿಲ್ಲ.

ದೋಣಿಯ ಜನರೇಟರಿನಲ್ಲಿ ಇನ್ನೊಂದು ಬಲೆಯಿದೆ. ಬಿಸಿಹೊಗೆಯನ್ನು ತಣಿಸಲು ಹೊಗೆಕೊಳವೆಗೇ ನೀರು ಹಾಯಿಸುವುದು ರೂಢಿ. ಎಂಜಿನು ಹೊತ್ತಿಕೊಳ್ಳದೆ ಮತ್ತೆ ಮತ್ತೆ ತಿರುಗಿಸುತ್ತ ಹೋದರೆ ನೀರನ್ನು ಹೊರದೂಡುವ ಹೊಗೆಯೇ ಇರುವುದಿಲ್ಲ. ನೀರು ತುಂಬಿ ಹಿಂದಕ್ಕೆ ಸಿಲಿಂಡರಿನೊಳಕ್ಕೆ ಇಳಿಯುತ್ತದೆ. ನೀರನ್ನು ಅಮುಕಲಾಗದ್ದರಿಂದ ಮುಂದಿನ ಸುತ್ತಿಗೆ ಒಳಗಿನ ಕಬ್ಬಿಣದ ತೋಳೇ ಬಗ್ಗುತ್ತದೆ. ಹೊತ್ತಿಕೊಳ್ಳುವ ತನಕ ನೀರಿನ ಕವಾಟವನ್ನು ಮುಚ್ಚಿಟ್ಟು, ಹೊತ್ತಿದೊಡನೆ ತೆರೆದಿದ್ದರೆ ಈ ಅನಾಹುತ ತಪ್ಪುತ್ತಿತ್ತು.

ಬಗ್ಗಿದ ಕಬ್ಬಿಣವನ್ನು ಬದಲಿಸಬಹುದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯಿಟ್ಟು ಮಲಗಿದವರನ್ನು ಕೊಲ್ಲುವುದು ಇದೇ. ಪೆಟ್ರೋಲಿನ ಯಂತ್ರದಲ್ಲಿ ಇದರ ಭಯ ಅತ್ಯಧಿಕ. ಮೇಲಾಗಿ ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾಗಿ ತಳದಲ್ಲಿ ಕೂಡುತ್ತದೆ. ಒಂದು ಕಿಡಿ ಸಾಕು. ದೋಣಿ ಮುಂದಕ್ಕೆ ಸಾಗುವಾಗ ಹಿಂಬದಿಯ ಗಾಳಿ ಸುಳಿಗಟ್ಟಿ ಹೊಗೆಯನ್ನು ಕೋಣೆಯೊಳಕ್ಕೇ ಎಳೆದುಕೊಳ್ಳುವುದುಂಟು. ಹಳೆಯ ದೋಣಿಯ ಹೊಗೆಕೊಳವೆಯ ಕೀಲುಗಳಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ತೇಪೆ ಹಾಕದೆ ಹೊಸದನ್ನೇ ಕೂರಿಸತಕ್ಕದ್ದು. ಮಲಗುವ ಕೋಣೆಯಲ್ಲಿ ಈ ವಿಷವಾಯುವನ್ನು ಗುರುತಿಸಿ ಕೂಗುವ ಸಾಧನವಿರಬೇಕು. ಹೊಸ ಬಣ್ಣ, ಹೊಸ ಪರದೆ, ಮೆತ್ತನೆಯ ಪೀಠಗಳಿಗೆ ಹಣ ಸುರಿದು ಇದೊಂದಕ್ಕೆ ಕೈ ಹಿಡಿಯುವವರನ್ನು ಏನೆನ್ನಬೇಕು?

ಎಲ್ಲವೂ ಸಿದ್ಧವಾದ ಮೇಲೂ ದೋಣಿಯನ್ನು ನೇರವಾಗಿ ನಡುನೀರಿಗೆ ಒಯ್ಯಬಾರದು. ದಡಕ್ಕೆ ಹಗ್ಗದಿಂದ ಬಿಗಿದು, ಜನರೇಟರಿಗೆ ಅರ್ಧಕ್ಕಿಂತ ಹೆಚ್ಚು ಭಾರ ಕೊಟ್ಟು ಕೆಲವು ಗಂಟೆ ಓಡಿಸಬೇಕು. ನೆಲಹಲಗೆಗಳನ್ನು ತೆಗೆದಿಟ್ಟು ತಳದಲ್ಲಿ ಎಷ್ಟು ನೀರು ಕೂಡಿತೆಂದು ಕಡ್ಡಿಯಿಂದ ಅಳೆದು ಬರೆದಿಡಬೇಕು. ಮರುದಿನ ಬೆಳಿಗ್ಗೆ, ಎಂಜಿನನ್ನು ಮುಟ್ಟುವ ಮುನ್ನ, ಮತ್ತೊಮ್ಮೆ ಅಳೆಯಬೇಕು.