ಮೂಸೆಯಲ್ಲಿ ಹುಟ್ಟಿದ ಉಕ್ಕು

ರಜೆ ಬಂದಿತೆಂದರೆ ಮಕ್ಕಳು ಎಲ್ಲಿಗಾದರೂ ಹೊರಡೋಣವೆಂದು ಹಟ ಹಿಡಿಯುವುದು ಎಲ್ಲರ ಮನೆಯಲ್ಲಿಯೂ ಇರುವುದೇ. ದೂರದ ಊರಿಗೆ ಹೋಗಿ ಕೈ ಬರಿದು ಮಾಡಿಕೊಳ್ಳುವುದಕ್ಕಿಂತ ಹತ್ತಿರದ ಸೀಮೆಯನ್ನೇ ಕಣ್ತೆರೆದು ನೋಡುವುದು ಮೇಲು. ಅಂಥ ಒಂದು ಪ್ರವಾಸವನ್ನು ಈ ತಿಂಗಳು ವಾಚಕ ಗೃಹಸ್ಥರ ಮುಂದಿಡುತ್ತೇವೆ. ಮಂಡ್ಯದಲ್ಲಾಗಲಿ ಮದ್ದೂರಿನಲ್ಲಾಗಲಿ ಒಂದು ಹೋಟೆಲಿನಲ್ಲಿ ಎರಡು ರಾತ್ರಿ ಇಳಿದುಕೊಂಡರೆ ಸಾಕು. ಮಂಡ್ಯವೆಂದೊಡನೆ ಕಬ್ಬು, ಮದ್ದೂರೆಂದೊಡನೆ ವಡೆ ನೆನಪಿಗೆ ಬರುವುದು ಸಹಜ. ಆದರೆ ಈ ಊರುಗಳ ಸುತ್ತಣ ನಾಡಿನಲ್ಲಿ ಒಂದು ಕಾಲಕ್ಕೆ ಕಬ್ಬಿಣವೂ ಉಕ್ಕೂ ಹುಟ್ಟುತ್ತಿದ್ದುವೆಂಬುದನ್ನು ಬಲ್ಲವರು ವಿರಳ.

ಮೊದಲನೆಯ ದಿನ ಮಳವಳ್ಳಿಗೆ ಹೋಗಿ, ಅಲ್ಲಿಂದ ಕನಕಪುರದ ದಾರಿಯಲ್ಲಿರುವ ಹಲಗೂರಿನ ಕಡೆಗೆ ನಡೆಯಬೇಕು. ಈ ಸೀಮೆಯಲ್ಲಿ ಹಿಂದೆ ಅದಿರನ್ನು ಇದ್ದಲಿನೊಡನೆ ಮಣ್ಣಿನ ಕುಲುಮೆಗೆ ತುಂಬಿ, ಚರ್ಮದ ತಿದಿಯೊತ್ತಿ ಕಬ್ಬಿಣವನ್ನು ತೆಗೆಯುತ್ತಿದ್ದರು. ಮೈಸೂರು ಸೀಮೆಯಲ್ಲಿ ಹಲವೆಡೆ ಮಳೆಗಾಲದ ಹಳ್ಳಗಳು ಕೊಚ್ಚಿತಂದ ಕರಿಮರಳೇ ಅದಿರಾಗಿತ್ತು. ಮಕ್ಕಳ ಕೈಗೆ ಒಂದು ಅಯಸ್ಕಾಂತವನ್ನು ಕೊಟ್ಟು, ನೀರಿಳಿದ ಹಳ್ಳದ ಒಣಮರಳಿನಲ್ಲಿ ಆಡಿಸಿ ನೋಡಿರಿ. ಕರಿಯ ಕಣಗಳು ಮೇಲೆದ್ದು ಅದಕ್ಕೆ ಅಂಟಿಕೊಂಡರೆ, ಪುಸ್ತಕದ ಹತ್ತು ಪುಟಗಳು ಹೇಳಲಾರದ ಪಾಠ ಅದರಿಂದಾಗುತ್ತದೆ. ಹಳೆಯ ಕುಲುಮೆಯ ನೆಲದಲ್ಲಿ ಕರಿಯ, ಭಾರವಾದ, ರಂಧ್ರಗಳುಳ್ಳ ಕಿಟ್ಟದ ತುಂಡುಗಳು ಕಂಡರೆ ಅವನ್ನು ಇದ್ದಲ್ಲಿಯೇ ಬಿಡತಕ್ಕದ್ದು. ಕುಲುಮೆಯ ಕಾಲವನ್ನೂ ಕೆಲಸದ ಕ್ರಮವನ್ನೂ ವಿದ್ವಾಂಸರು ತಿಳಿಯುವುದು ಅವುಗಳಿಂದಲೇ.

ಕಬ್ಬಿಣವಾದ ಮೇಲೆ ಉಕ್ಕಿನ ಮಾತು. ಮದ್ದೂರಿಗೆ ಉತ್ತರದಲ್ಲಿರುವ ಮಾಗಡಿ, ಮಧುಗಿರಿಗಳ ಕಡೆ ಉಕ್ಕು ಮಾಡುತ್ತಿದ್ದುದನ್ನು ಫ್ರಾನ್ಸಿಸ್ ಬುಕಾನನ್ ಎಂಬ ಆಂಗ್ಲ ಸರ್ಕಾರದ ವೈದ್ಯನು 1800ರಲ್ಲಿ ಕಂಡು ಬರೆದಿಟ್ಟಿದ್ದಾನೆ. ಮಣ್ಣಿನ ಸಣ್ಣ ಮೂಸೆಯಲ್ಲಿ ಮೆದು ಕಬ್ಬಿಣದ ತುಂಡನ್ನಿಟ್ಟು, ಅದರ ಜೊತೆಗೆ ತಂಗಡಿ, ಅಂದರೆ ಆವರಿಕೆ ಗಿಡದ ಕಡ್ಡಿಯನ್ನೂ ಒಂದೆರಡು ಹಸುರೆಲೆಗಳನ್ನೂ ಹಾಕಿ, ಬಾಯಿಯನ್ನು ಹಸಿಮಣ್ಣಿನಿಂದ ಮುಚ್ಚಿ, ಇಂಥ ಹಲವು ಮೂಸೆಗಳನ್ನು ಒಟ್ಟಿಗೆ ಕುಲುಮೆಯಲ್ಲಿ ಜೋಡಿಸಿ ಗಂಟೆಗಟ್ಟಲೆ ಉರಿಸುತ್ತಿದ್ದರು. ಆರಿದ ಮೇಲೆ ಮೂಸೆಯನ್ನೊಡೆದರೆ ಉಕ್ಕಿನ ಗಟ್ಟಿ ದೊರೆಯುತ್ತಿತ್ತು. ಇದರ ಮರ್ಮವಿಷ್ಟೆ: ಕಡ್ಡಿ ಎಲೆಗಳಲ್ಲಿನ ಇಂಗಾಲವು ಕಬ್ಬಿಣದಲ್ಲಿ ಬೆರೆಯುತ್ತದೆ, ಮುಚ್ಚಿದ ಬಾಯಿ ಹೊರಗಿನ ಗಾಳಿಯನ್ನು ತಡೆಯುತ್ತದೆ, ಇಂಗಾಲ ಸೇರಿದ ಕಬ್ಬಿಣ ಬೇಗ ಕರಗುತ್ತದೆ. ಹೀಗೆ ನೂರಕ್ಕೆ ಒಂದರಿಂದ ಎರಡು ಪಾಲು ಇಂಗಾಲವಿರುವ ಗಟ್ಟಿಯಾದ ಉಕ್ಕು ಸಿದ್ಧವಾಗುತ್ತಿತ್ತು.

ಎರಡನೆಯ ದಿನ ಮದ್ದೂರಿನಿಂದ ಬೆಂಗಳೂರಿನ ದಾರಿ ಹಿಡಿದು ಚನ್ನಪಟ್ಟಣಕ್ಕೆ ಹೋಗಿರಿ. ಈಗ ಅಲ್ಲಿ ಎಲ್ಲರೂ ಕೊಳ್ಳುವುದು ಬಣ್ಣದ ಮರದ ಬೊಂಬೆಗಳನ್ನು. ಆದರೆ ಬುಕಾನನನ ಕಾಲದಲ್ಲಿ ಆ ಊರಿನ ಹೆಸರು ದೂರದ ಪ್ರಾಂತಗಳಿಗೆ ಮುಟ್ಟಿದ್ದುದು ವಾದ್ಯಗಳಿಗೆ ಬಿಗಿಯುವ ಉಕ್ಕಿನ ತಂತಿಯಿಂದ. ಉಕ್ಕೆಂದರೆ ಕತ್ತಿಯೊಂದನ್ನೇ ನೆನೆಯುವ ಹುಡುಗರಿಗೆ, ಅದು ನಾದಕ್ಕೂ ಒದಗಿತೆಂದು ಹೇಳಲು ಇದಕ್ಕಿಂತ ತಕ್ಕ ಊರು ಇನ್ನೊಂದಿಲ್ಲ.

ದಕ್ಷಿಣದ ಈ ಉಕ್ಕನ್ನು ಯೂರೋಪಿನವರು ‘ವೂಟ್ಸ್’ ಎಂದು ಕರೆದರು. ಈ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಬಂದಿತೆಂದು ಅನೇಕ ಪಂಡಿತರ ಮತ. 1795ರಲ್ಲಿ ಜಾರ್ಜ್ ಪಿಯರ್ಸನ್ ಇದನ್ನು ಪರೀಕ್ಷಿಸಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದನು. ಮುಂದೆ ವಿದ್ಯುಚ್ಛಾಸ್ತ್ರದಲ್ಲಿ ಜಗದ್ವಿಖ್ಯಾತನಾದ ಮೈಕೇಲ್ ಫ್ಯಾರಡೆಯು 1819ರಲ್ಲಿ ಇದರ ಘಟಕಗಳನ್ನು ಶೋಧಿಸಿ, ಸ್ಟೋಡಾರ್ಟ್ ಎಂಬ ಚಾಕು ಮಾಡುವವನೊಡನೆ ಇಂಥದೇ ಉಕ್ಕನ್ನು ಮಾಡಲು ವರ್ಷಗಟ್ಟಲೆ ಶ್ರಮಪಟ್ಟನು. ಲಂಡನ್ನಿನ ಪ್ರಯೋಗಶಾಲೆಯ ಆ ಒಗಟು ಮೈಸೂರು ಸೀಮೆಯ ಹಳ್ಳಿಗಳಲ್ಲಿ ದಿನನಿತ್ಯದ ಕೆಲಸವಾಗಿತ್ತು.

ಇಂಥ ವಿದ್ಯೆ ಎಲ್ಲಿ ಹೋಯಿತು? ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ಕಾರ್ಖಾನೆಗಳ ಅಗ್ಗದ ಸರಕು ಬಂದು ತುಂಬಿತು. ಕಾಡುಗಳು ಸರ್ಕಾರದ ಕಾವಲಿಗೆ ಸೇರಿ ಇದ್ದಲು ತುಟ್ಟಿಯಾಯಿತು. ಕುಲುಮೆಗಳು ಒಂದೊಂದಾಗಿ ನಂದಿದುವು. ಆದರೂ ದುಡಿದವರ ಮಕ್ಕಳಿಗೆ ಅದರ ತಿಳಿವಳಿಕೆಯಾದರೂ ಉಳಿಯಬಹುದಾಗಿತ್ತು. ಅದು ಕೈಯಲ್ಲಿಯೂ ಕಣ್ಣಿನಲ್ಲಿಯೂ ಇದ್ದಿತೇ ವಿನಾ ಕಾಗದದಲ್ಲಿರಲಿಲ್ಲ. ಕೈ ನಿಂತಿತು, ವಿದ್ಯೆಯೂ ನಿಂತಿತು. ನಮ್ಮ ಹಿರಿಯರು ಮಾಡಿದುದನ್ನು ಇಂದು ಬಹುಮಟ್ಟಿಗೆ ದಾರಿಹೋಕ ಪರದೇಶೀಯರ ಬರಹದಿಂದ ತಿಳಿಯಬೇಕಾಗಿ ಬಂದಿರುವುದು ಯೋಚಿಸತಕ್ಕ ವಿಷಯ.

ಈ ನಷ್ಟ ಉಕ್ಕಿಗೆ ಮಾತ್ರ ಸೇರಿದ್ದಲ್ಲ. ಆಲೆಮನೆಯಲ್ಲಿ ಬೆಲ್ಲದ ಪಾಕದ ಹದ ನೋಡುವ ಕಣ್ಣು, ಹೆರಿಗೆಯ ಮನೆಯಲ್ಲಿ ಅಜ್ಜಿ ಕೊಡುತ್ತಿದ್ದ ಪಥ್ಯ, ಮಗ್ಗದ ಮುಂದೆ ತಾತ ಎಣಿಸುತ್ತಿದ್ದ ಎಳೆಗಳ ಲೆಕ್ಕ, ಇವೂ ಬರೆದಿಡದ ವಿದ್ಯೆಗಳೇ. ಆದುದರಿಂದ ಪ್ರವಾಸಕ್ಕೆ ಹೊರಡುವಾಗ ಬುತ್ತಿಯ ಜೊತೆಗೆ ಒಂದು ನೋಟು ಪುಸ್ತಕವನ್ನೂ ಇಟ್ಟುಕೊಳ್ಳಿರಿ. ರಾತ್ರಿ ಹೋಟೆಲಿನ ಕೋಣೆಯಲ್ಲಿ ಮಕ್ಕಳು ಕಂಡುದನ್ನು ಬರೆಯಲಿ. ಮನೆಗೆ ಹಿಂದಿರುಗಿದ ಮೇಲೆ ಅದೇ ಪುಸ್ತಕವನ್ನು ಹಿಡಿದು, ಮನೆಯ ಹಿರಿಯರ ಬಳಿ ಕುಳಿತು ಅವರ ಕೈಗೆಲಸವೊಂದನ್ನು ಕೇಳಿ, ಅಳತೆ, ಹೊತ್ತು, ಹದಗಳ ಸಮೇತ ಬರೆದುಕೊಳ್ಳಲಿ. ಹೇಳುವವರು ಇರುವಾಗಲೇ ಕೇಳುವುದು ಕ್ಷೇಮ.